ಕುದಿಸಿದ್ದು ಹೆಚ್ಚಾಯಿತು, ಒಣಗಿಸಿದ್ದು ಕಡಿಮೆಯಾಯಿತು: ಎದೆಹಾಲಿನ ಪಂಪ್ ಕುರಿತ ಒಂದು ಪ್ರಕರಣ

ಕೋಲಾರ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಈ ತಾಯಿಯನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ಹೆಸರು ಮತ್ತು ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಮೊದಲ ಹೆರಿಗೆ, ಮಗು 34ನೇ ವಾರಕ್ಕೇ ಹುಟ್ಟಿತ್ತು. ತೀವ್ರ ನಿಗಾ ಘಟಕದಲ್ಲಿ ಕೆಲವು ದಿನ ಇದ್ದು ಮನೆಗೆ ಬಂದ ಮೇಲೂ ಎದೆಗೆ ಹಾಕಿದರೆ ನಾಲ್ಕು ಗುಟುಕಿಗೇ ದಣಿದು ನಿದ್ದೆ ಹೋಗುತ್ತಿತ್ತು. ಆದ್ದರಿಂದ ಪಂಪಿನಲ್ಲಿ ಹಾಲು ತೆಗೆದು ಒಳಲೆಯಲ್ಲಿ ಕುಡಿಸುವಂತೆ ವೈದ್ಯರು ಹೇಳಿದ್ದರು. ಎದೆಹಾಲಿನ ಬಗ್ಗೆ ಸಲಹೆ ಕೇಳಲು ಸುಮಾ ನನ್ನ ಬಳಿಗೆ ಬಂದಾಗ ಮಗುವಿಗೆ ಆರು ವಾರ.

ಪಂಪ್ ತೊಳೆಯುವುದು ಹೇಗೆಂದು ಕೇಳಲು ಅವರು ಬಂದಿರಲಿಲ್ಲ. "ನನ್ನ ಹಾಲು ಕೆಟ್ಟಿದೆ ಮೇಡಂ, ಡಬ್ಬದ ಪುಡಿ ಶುರುಮಾಡಲೇ?" ಎಂಬುದು ಅವರ ಪ್ರಶ್ನೆ. ಜೊತೆಗೆ ಅತ್ತೆಯೂ ಬಂದಿದ್ದರು. ಹಾಲು ಕೆಟ್ಟಿದೆ ಎನ್ನುವುದಕ್ಕೆ ಅವರಿಬ್ಬರ ಬಳಿ ಮೂರು ಪುರಾವೆಗಳಿದ್ದವು: ಪಂಪಿನಲ್ಲಿ ಎದೆಗೆ ಹಿಡಿಯುವ ಕಪ್ಪಿನೊಳಗೆ ಬಿಳಿ ಪುಡಿ ಕಟ್ಟುತ್ತಿದೆ, ಕೊಳವೆಯೊಳಗೆ ಕರಿ ಚುಕ್ಕೆಗಳು ಕಾಣುತ್ತಿವೆ, ಹಾಲು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ತೆಗೆದ ಹಾಲನ್ನು ಎರಡು ದಿನಗಳಿಂದ ಚೆಲ್ಲುತ್ತಿದ್ದರು.

ಇಂತಹ ಸಂದರ್ಭದಲ್ಲಿ ಪಂಪನ್ನು ಮನೆಯಲ್ಲಿ ಹೇಗೆ ಇಡುತ್ತಾರೋ ಹಾಗೆಯೇ, ತೊಳೆಯದೆ, ಒರೆಸದೆ ತನ್ನಿ ಎಂದು ನಾನು ಮೊದಲೇ ಹೇಳಿರುತ್ತೇನೆ. ಸುಮಾ ತಂದದ್ದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ. ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ಸಣ್ಣ ಸಣ್ಣ ನೀರಹನಿಗಳು ಸಾಲುಗಟ್ಟಿದ್ದವು. ಮೋಟಾರಿನಿಂದ ಕಪ್ಪಿಗೆ ಹೋಗುವ ತೆಳು ಕೊಳವೆಯನ್ನು ಬೆಳಕಿಗೆ ಹಿಡಿದೆ. ಅದು ಬಾಗುವ ಜಾಗದಲ್ಲಿ ಸೂಜಿಮೊನೆಯಷ್ಟು ಕರಿ ಚುಕ್ಕೆಗಳು, ಅವುಗಳ ಪಕ್ಕದಲ್ಲೇ ಅಲುಗಾಡುವ ಒಂದು ಹನಿ ನೀರು.

ದಿನಚರಿ ಕೇಳಿದೆ. ದಿನಕ್ಕೆ ಎಂಟು ಸಲ ಹಾಲು ತೆಗೆಯುತ್ತಿದ್ದರು, ಎಂಟು ಸಲವೂ ಕೊಳವೆಯೂ ಸೇರಿದಂತೆ ಎಲ್ಲ ಭಾಗಗಳನ್ನೂ ಅರ್ಧ ಗಂಟೆ ಕುದಿಸುತ್ತಿದ್ದರು. ಸೋಪು ಮಗುವಿನ ಹೊಟ್ಟೆಗೆ ಹೋದೀತೆಂದು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಕುದಿಸಿದ ಮೇಲೆ ಬೇಗ ಒಣಗಲಿ ಎಂದು ಅತ್ತೆ ಸೆರಗಿನಿಂದ ಒರೆಸಿ, ಧೂಳು ಬೀಳದಿರಲಿ ಎಂದು ಡಬ್ಬಕ್ಕೆ ಹಾಕಿ ಮುಚ್ಚುತ್ತಿದ್ದರು. ಇಬ್ಬರ ಪ್ರೀತಿಯಲ್ಲೂ ಕೊರತೆ ಇರಲಿಲ್ಲ. ಕ್ರಮ ಮಾತ್ರ ತಪ್ಪಾಗಿತ್ತು, ಮೂರೂ ಪುರಾವೆಗಳು ಹುಟ್ಟಿದ್ದು ಅಲ್ಲಿಂದಲೇ.

ಬಿಳಿ ಪುಡಿ ಹಾಲಲ್ಲ, ಬೂಸ್ಟೂ ಅಲ್ಲ. ಕೋಲಾರದ ಕೊಳವೆಬಾವಿಯ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಸುಣ್ಣದ ಪದರವೇ ಪಂಪಿನ ಭಾಗಗಳ ಮೇಲೂ ಕಟ್ಟುತ್ತದೆ. ಬೆರಳಿಗೆ ತಾಗಿಸಿ ನೋಡಿ ಎಂದೆ: ಹಾಲಿನ ಶೇಷ ಜಿಡ್ಡಾಗಿ ಜಾರುತ್ತದೆ, ವಾಸನೆ ಬರುತ್ತದೆ, ಸುಣ್ಣ ಒರಟಾಗಿರುತ್ತದೆ, ಸೋಪಿಗೆ ಹೋಗುವುದಿಲ್ಲ. ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಚೆನ್ನಾಗಿ ತೊಳೆದರೆ ಅದು ಬಿಡುತ್ತದೆ. ಕುದಿಸಲು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರು ಬಳಸಿದರೆ ಅದು ಅಷ್ಟಾಗಿ ಕಟ್ಟುವುದೂ ಇಲ್ಲ.

ಕರಿ ಚುಕ್ಕೆ ನಿಜವಾದ ಬೂಸ್ಟು. ಅದು ಬಂದದ್ದು ಕೊಳಕಿನಿಂದಲ್ಲ, ಕುದಿಸಿದ್ದರಿಂದ. ಕೊಳವೆಯಲ್ಲಿ ಓಡುವುದು ಗಾಳಿ. ಹಾಲು ಅದರೊಳಕ್ಕೆ ಹೋಗದಿದ್ದರೆ ಅದನ್ನು ತೊಳೆಯುವ ಅಗತ್ಯವೇ ಇಲ್ಲ. ಅಷ್ಟು ಸಣ್ಣ ಬಾಯಿಯ ಕೊಳವೆಯೊಳಗೆ ಒಮ್ಮೆ ನೀರು ಹೊಕ್ಕರೆ ಮುಚ್ಚಿದ ಡಬ್ಬದಲ್ಲಿ ಅದು ಎಂದಿಗೂ ಆರುವುದಿಲ್ಲ. ಹಾಲು ತೆಗೆದ ಮೇಲೆ ಒಳಗೆ ಆವಿಯ ಹನಿ ಕಂಡರೆ ಕಪ್ ಬಿಚ್ಚಿ, ಕೊಳವೆಯನ್ನು ಮಾತ್ರ ಸಿಕ್ಕಿಸಿ, ಆರುವ ತನಕ ಕೆಲವು ನಿಮಿಷ ಮೋಟಾರ್ ಓಡಿಸಬೇಕು. ಬೂಸ್ಟು ಬಂದ ಕೊಳವೆಯನ್ನು ಮಾತ್ರ ಉಳಿಸಿಕೊಳ್ಳಬಾರದು. ಅದನ್ನು ಅಲ್ಲಿಯೇ ಕಸದ ಬುಟ್ಟಿಗೆ ಹಾಕಿಸಿದೆ.

ಹಾಲು ಕಡಿಮೆಯಾದದ್ದಕ್ಕೆ ಕಾರಣ ಸುಮಾ ಅವರ ಎದೆಯಲ್ಲಿರಲಿಲ್ಲ, ಪಂಪಿನಲ್ಲಿ ತೆರೆದು ಮುಚ್ಚುವ ಪುಟ್ಟ ಸಿಲಿಕೋನ್ ವಾಲ್ವಿನಲ್ಲಿತ್ತು. ವಾರಗಟ್ಟಲೆ ದಿನಕ್ಕೆ ನಾಲ್ಕು ಗಂಟೆ ಬೆಂದ ವಾಲ್ವಿನ ತುದಿ ಸಡಿಲಗೊಂಡು ಬಾಯಿ ತೆರೆದುಕೊಂಡಿತ್ತು. ತುದಿ ಮುಚ್ಚದಿದ್ದರೆ ಪಂಪಿಗೆ ಎಳೆತ ಸಿಗುವುದಿಲ್ಲ. ಎಳೆತವಿಲ್ಲದಿದ್ದರೆ ಹಾಲು ಪೂರ್ತಿ ಬರುವುದಿಲ್ಲ. ಪೂರ್ತಿ ತೆಗೆಯದಿದ್ದರೆ ದೇಹವೂ ನಿಧಾನವಾಗಿ ಕಡಿಮೆ ಹಾಲು ಮಾಡುತ್ತದೆ. ವಾಲ್ವನ್ನು ಅವರ ಅಂಗೈ ಮೇಲಿಟ್ಟು ಆ ಸಂದನ್ನು ತೋರಿಸಿದಾಗ ಸುಮಾ ಅತ್ತುಬಿಟ್ಟರು. "ನನ್ನಲ್ಲೇ ಏನೋ ಕೊರತೆ ಅಂದುಕೊಂಡಿದ್ದೆ" ಎಂದರು. ಅತ್ತೆ ಅವರ ಬೆನ್ನು ಸವರುತ್ತಾ ಕುಳಿತರು.

ಇನ್ನು ಹೇಳಿಕೊಟ್ಟ ಕ್ರಮ. ಮೊದಲು ಸೋಪಿನಿಂದ ಕನಿಷ್ಠ 20 ಸೆಕೆಂಡ್ ಕೈ ತೊಳೆಯುವುದು. ಹಾಲು ತೆಗೆದ ಕೂಡಲೇ ಭಾಗಗಳನ್ನೆಲ್ಲ ಬಿಚ್ಚಿ, ಹಾಲು ಮುಟ್ಟಿದವನ್ನು ಹರಿಯುವ ನೀರಿನ ಕೆಳಗೆ ಹಿಡಿದು ಹಾಲು ಹೋಗಿಸುವುದು. ಆಮೇಲೆ ಬೋಗುಣಿಯಲ್ಲಿ ಬಿಸಿನೀರು, ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ ಬ್ರಷ್‌ನಿಂದ ಉಜ್ಜುವುದು. ವಾಲ್ವಿನಂತಹ ಮೃದು ಭಾಗವನ್ನು ಮಾತ್ರ ಬೆರಳಿನಿಂದ. ಈ ಬೋಗುಣಿ, ಈ ಬ್ರಷ್ ಮಗುವಿನ ಸಾಮಾನಿಗೇ ಮೀಸಲು. ಸಾರಿನ ಪಾತ್ರೆ ಉಜ್ಜುವ ನಾರು ಇಲ್ಲಿಗೆ ಬರಬಾರದು. ಅವನ್ನೂ ಕೆಲವು ದಿನಕ್ಕೊಮ್ಮೆ ಕುದಿಸಬೇಕು. ಸೋಪಿನ ಅಂಶ ಹೋಗುವ ತನಕ ಹೊಸ ನೀರಿನಲ್ಲಿ ಜಾಲಾಡಿದರೆ ಸೋಪಿನ ಭಯ ಬೇಡ. ಸೋಪಿಲ್ಲದೆ ಕುದಿಸಿದರೆ ಹಾಲಿನ ಜಿಡ್ಡು ಭಾಗಗಳ ಸಂದಿನಲ್ಲೇ ಉಳಿದುಬಿಡುತ್ತದೆ. ಉಜ್ಜುವ ಕೆಲಸವನ್ನು ಕುದಿಸುವ ಕೆಲಸ ಮಾಡಲಾರದು.

ಸಿಂಕಿನೊಳಗೆ ಭಾಗಗಳನ್ನು ಇಡಬೇಡಿ, ಸೋಪಿನ ನೀರಿನಲ್ಲಿ ಗಂಟೆಗಟ್ಟಲೆ ನೆನೆಹಾಕಬೇಡಿ ಎಂದು ಎರಡು ಸಲ ಹೇಳಿದೆ. ಸುಮಾ ಅವರಿಗೆ ಹೇಳದೆ ಉಳಿಸಿಕೊಂಡ ಕಾರಣವನ್ನು ಓದುಗರಿಗೆ ಹೇಳುತ್ತೇನೆ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಗುವೊಂದಕ್ಕೆ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ ಮಿದುಳು ಪೊರೆಯ ಸೋಂಕು ತಗುಲಿತು. ಮನೆಯ ಪಂಪಿನಲ್ಲೂ ಅಡುಗೆಮನೆ ಸಿಂಕಿನ ಕೊಳವೆಯಲ್ಲೂ ಅದು ಸಿಕ್ಕಿತು. ಆ ಮನೆಯಲ್ಲಿ ಪಂಪಿನ ಭಾಗಗಳನ್ನು ಉಜ್ಜದೆ ಸೋಪಿನ ನೀರಿನಲ್ಲಿ ಗಂಟೆಗಟ್ಟಲೆ ನೆನೆಸಿಡುತ್ತಿದ್ದರು. ಮರುವರ್ಷ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಪಂಪ್ ಸ್ವಚ್ಛತೆಯ ವಿವರವಾದ ಸೂಚನೆಗಳನ್ನು ಹೊರಡಿಸಿತು. ನಾನು ಹೇಳಿಕೊಡುವ ಕ್ರಮ ಅದನ್ನೇ ಅನುಸರಿಸಿದೆ. ಇಂತಹ ಸೋಂಕು ಬಹಳ ಅಪರೂಪ. ಮೊದಲೇ ನಡುಗುತ್ತಿರುವ ತಾಯಿಯ ಕಿವಿಗೆ ಈ ಕಥೆ ಹಾಕುವುದರಿಂದ ಪಂಪ್ ಹೆಚ್ಚು ಸ್ವಚ್ಛವಾಗುವುದಿಲ್ಲ. ಇದೇ ಬ್ಯಾಕ್ಟೀರಿಯಾ ತೆರೆದಿಟ್ಟ ಡಬ್ಬದ ಪುಡಿಯಲ್ಲೂ ಬದುಕಬಲ್ಲದು. ಹಾಲಿನ ಪುಡಿ ಜೀವಾಣುಮುಕ್ತ ವಸ್ತುವಲ್ಲ, ಅದನ್ನು 70 ಡಿಗ್ರಿಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಕಲಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ವಚ್ಛತೆಯ ಭಯಕ್ಕೆ ಪುಡಿಗೆ ಹೋಗುವುದರಲ್ಲಿ ಲಾಭವಿಲ್ಲ ಎಂಬ ಮಾತನ್ನು ಮಾತ್ರ ಸುಮಾ ಅವರಿಗೆ ಹೇಳಿದೆ.

ಕುದಿಸುವುದು ದಿನಕ್ಕೆ ಒಂದೇ ಸಲ. ಎರಡು ತಿಂಗಳು ತುಂಬದ ಮಗುವಿಗೆ, ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಇದು ಬೇಕು. ಉಜ್ಜಿ ತೊಳೆದ ಭಾಗಗಳು ಪೂರ್ತಿ ಮುಳುಗುವಷ್ಟು ನೀರಿರಬೇಕು. ನೀರು ಮರಳಲು ಶುರುವಾದ ಮೇಲೆ 5 ನಿಮಿಷ ಸಾಕು. ಯಾವ ಭಾಗವನ್ನು ಕುದಿಸಬಹುದೆಂದು ಪಂಪಿನ ಜೊತೆ ಬಂದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಸ್ವಚ್ಛವಾದ ಇಕ್ಕಳದಿಂದ ತೆಗೆದು, ಒಗೆದ ಬಟ್ಟೆಯ ಮೇಲೆ ಹರಡಿ, ಧೂಳು ಬೀಳದ ಕಡೆ ತಾನಾಗಿಯೇ ಒಣಗಲು ಬಿಡಬೇಕು. ಇಲ್ಲಿ ಅತ್ತೆ, "ಸೆರಗು ಬೆಳಗ್ಗೆ ಉಟ್ಟ ಸೀರೆಯದೇ ಅಲ್ಲವೇನಮ್ಮ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಬೆಳಗ್ಗೆ ಉಟ್ಟ ಸೀರೆಯೇ ಇರಬಹುದು, ಆದರೆ ಆ ಸೆರಗು ಒಲೆ ಮುಂದೆ, ಹಟ್ಟಿಯಲ್ಲಿ, ಬೆವರಿಗೆ ಎಲ್ಲದಕ್ಕೂ ಒದಗಿರುತ್ತದೆ. ಕುದಿಸಿ ಕೊಂದ ಜೀವಾಣುಗಳನ್ನು ಮತ್ತೆ ಅಂಟಿಸಿದಂತಾಗುತ್ತದೆ ಎಂದೆ. ಅವರು ಒಪ್ಪಿದರು. ಪೂರ್ತಿ ಒಣಗಿದ ಮೇಲೆಯೇ ಡಬ್ಬ ಎಂಬುದನ್ನು ಕಾಯುವ ಹೊಣೆಯನ್ನು ತಾವೇ ವಹಿಸಿಕೊಂಡರು.

ಮಾತಿನ ನಡುವೆ ನನ್ನ ಕಣ್ಣು ಸುಮಾ ಅವರ ಕೈ ಮೇಲೆಯೇ ಇತ್ತು. ಬೆರಳ ಸಂದುಗಳಲ್ಲಿ ಚರ್ಮ ಬಿರಿದು ಕೆಂಪಾಗಿತ್ತು. ರಾತ್ರಿ ಎದ್ದು, ಕುದಿಸಿಟ್ಟದ್ದನ್ನೇ ಮತ್ತೆ ಕುದಿಸುತ್ತಿದ್ದರಂತೆ. "ಒಂದು ಸಲ ಕುದಿಸದಿದ್ದರೆ ಏನಾಗುತ್ತದೆ ಅನ್ನಿಸುತ್ತದೆ?" ಎಂದು ಕೇಳಿದೆ. "ಮಗು ಉಳಿಯುವುದಿಲ್ಲ" ಎಂದರು, ನೆಲ ನೋಡುತ್ತಾ. ಆಸ್ಪತ್ರೆಯಲ್ಲಿ ಯಾರೋ ಅವಸರದಲ್ಲಿ ಹೇಳಿಹೋದ "ಸ್ವಲ್ಪ ಕೊಳೆಯಾದರೂ ಇಂಥ ಮಕ್ಕಳಿಗೆ ಕಷ್ಟ" ಎಂಬ ಮಾತು ಅವರೊಳಗೆ ಹಾಗೇ ಉಳಿದಿತ್ತು.

ಇದು ತೊಳೆಯುವ ವಿಧಾನ ಹೇಳಿಕೊಟ್ಟು ಮುಗಿಸುವ ವಿಷಯವಲ್ಲ. ಬಾಣಂತನದ ಆತಂಕ ಎಷ್ಟೋ ಸಲ ಸ್ವಚ್ಛತೆಯ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ಮನೆಯವರು "ಎಷ್ಟು ಜೋಪಾನ" ಎಂದು ಮೆಚ್ಚುತ್ತಿರುತ್ತಾರೆ, ತಾಯಿ ಒಳಗೊಳಗೇ ಕುಸಿಯುತ್ತಿರುತ್ತಾಳೆ. ಬಾಣಂತಿಯರ ಖಿನ್ನತೆ, ಆತಂಕಗಳನ್ನು ಗುರುತಿಸಲು ಬಳಸುವ ಎಡಿನ್‌ಬರೋ ಪ್ರಶ್ನಾವಳಿಯ 10 ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಉತ್ತರಗಳನ್ನು ನೋಡಿ ಮನೋವೈದ್ಯರನ್ನು ಕಾಣಲೇಬೇಕು ಎಂದು ಹೇಳಿ ಪತ್ರ ಬರೆದುಕೊಟ್ಟೆ. ರಾತ್ರಿ ಭಯ ಹೆಚ್ಚಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅನ್ನು ಅವರ ಮೊಬೈಲಿನಲ್ಲೂ ಅತ್ತೆಯ ಮೊಬೈಲಿನಲ್ಲೂ ಉಳಿಸಿಕೊಟ್ಟೆ. ಅದು ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಗಂಡನನ್ನೂ ಕರೆಸಿದೆ. ಅವರು ಟೊಮೆಟೊ ಮಂಡಿಗೆ ಗಾಡಿ ಓಡಿಸುವವರು, ನಸುಕಿಗೆ ಹೋಗಿ ಮಧ್ಯಾಹ್ನ ಮನೆ ಸೇರುತ್ತಾರೆ. ದಿನದ ಒಂದು ಸಲದ ಕುದಿಸುವಿಕೆ ಇನ್ನು ಅವರದು: ಸ್ನಾನ ಮಾಡಿ, ಕೈ ತೊಳೆದು, ಮೊಬೈಲಿನಲ್ಲಿ 5 ನಿಮಿಷಕ್ಕೆ ಅಲಾರಂ ಇಟ್ಟು, ಒಲೆ ಆರಿಸುವವರೂ ಅವರೇ. ಸುಮಾ ಆ ಹೊತ್ತು ಅಡುಗೆಮನೆಗೆ ಬರಬಾರದು, ಮಲಗಬೇಕು. ಈ ಷರತ್ತಿಗೆ ಸುಮಾ ತಕ್ಷಣ ಒಪ್ಪಲಿಲ್ಲ. ಮೊದಲ ಕೆಲವು ದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ನಿಲ್ಲಲಿ, ಮತ್ತೆ ಕುದಿಸದಿದ್ದರೆ ಸಾಕು ಎಂದೆ.

ಅಪಾಯದ ಲಕ್ಷಣಗಳನ್ನು ಮೂವರಿಗೂ ಹೇಳಿದ್ದೆ: ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ಆತಂಕವಿರುವ ತಾಯಿಗೆ ಯಾವುದಕ್ಕೆ ಹೆದರಬೇಕು ಎಂದು ಖಚಿತವಾಗಿ ತಿಳಿದರೆ ಉಳಿದದ್ದಕ್ಕೆ ಹೆದರುವುದು ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ. ತೆಗೆದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಕೋಣೆ ಅದಕ್ಕಿಂತ ಬಿಸಿ, ಕರೆಂಟೂ ಹೋಗಿ ಬರುತ್ತದೆ, ಹಾಗಾಗಿ ಬೇಗ ಕುಡಿಸಿಬಿಡಿ ಎಂದೆ.

ಹೊಸ ಕೊಳವೆ ಮತ್ತು ವಾಲ್ವ್ ಬಂದ ವಾರದೊಳಗೆ ಪಂಪಿನ ಎಳೆತ ಸರಿಹೋಗಿ ಹಾಲು ಮತ್ತೆ ಏರತೊಡಗಿತು. ಮನೋವೈದ್ಯರ ಚಿಕಿತ್ಸೆ ನಡೆಯುತ್ತಿದೆ, ರಾತ್ರಿಯ ಕುದಿಸುವಿಕೆ ನಿಂತಿದೆ, ಕೈಗಳ ಬಿರುಕು ಮಾಯುತ್ತಿದೆ. ಸುಮಾ ಅವರ ತಂಗಿಯೊಬ್ಬಳು ಹೆರಿಗೆಯ ನಂತರ ಇದೇ ಪಂಪ್ ಬಳಸಬಹುದೇ ಎಂದು ಕೇಳಿಸಿದ್ದಳು. ಮನೆಯ ಪಂಪ್‌ಗಳು ಒಬ್ಬರ ಬಳಕೆಗೆ ಮಾಡಿದವು, ಮೋಟಾರಿನೊಳಗೆ ಹೊಕ್ಕ ಹಾಲನ್ನು ತೊಳೆಯಲು ದಾರಿಯಿಲ್ಲ, ಬೇಡ ಎಂದೆ.

ಈಗ ಸುಮಾ ಅವರ ಪ್ರಶ್ನೆ ನರಸಾಪುರದ ಕಾರ್ಖಾನೆಯ ಕೆಲಸಕ್ಕೆ ಮರಳುವ ಕುರಿತು. ಮಗುವಿಗೆ 15 ತಿಂಗಳು ತುಂಬುವ ತನಕ ಹಾಲೂಡಿಸಲು ದಿನಕ್ಕೆ ಎರಡು ಹೆಚ್ಚುವರಿ ಬಿಡುವು ಕಾನೂನಿನಲ್ಲೇ ಇದೆ ಎಂದು ತಿಳಿಸಿ, ಆ ಬಿಡುವಿನಲ್ಲಿ ಹಾಲು ತೆಗೆಯಲು ಸ್ವಚ್ಛ ಕೋಣೆ ಬೇಕೆಂದು ಕೋರಿ ಸಿಬ್ಬಂದಿ ವಿಭಾಗಕ್ಕೆ ಕೊಡುವ ಅರ್ಜಿಯನ್ನು ಇಬ್ಬರೂ ಕುಳಿತು ಬರೆದಿದ್ದೇವೆ. ಅಲ್ಲಿನ ಶೌಚಾಲಯದ ಬೇಸಿನ್‌ನಲ್ಲಿ ಪಂಪ್ ತೊಳೆಯುವುದು ಬೇಡ. ಎರಡು ಸಲಕ್ಕೆ ಎರಡು ಜೊತೆ ಕಪ್, ವಾಲ್ವ್‌ಗಳನ್ನು ಮನೆಯಲ್ಲೇ ಒಣಗಿಸಿ ಬೇರೆ ಬೇರೆ ಚೀಲದಲ್ಲಿ ಒಯ್ದು, ಬಳಸಿದ್ದನ್ನು ಕುಡಿಯುವ ನೀರಿನಿಂದ ಜಾಲಾಡಿ ಮೂರನೆಯ ಚೀಲಕ್ಕೆ ಹಾಕಿಕೊಂಡು ಬಂದು ಮನೆಯಲ್ಲಿ ಉಜ್ಜುವುದೆಂದು ತೀರ್ಮಾನವಾಗಿದೆ.