ಬ್ರಿಗೇಡ್ ಹೊಸದು, ಟ್ಯಾಂಕ್ ಹಳೆಯದು: ಸೇನೆಯ ಪುನರ್ರಚನೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ (ಧಾರವಾಡದ ಓದುಗರು): ಭೂಸೇನೆಯಲ್ಲಿ ‘ರುದ್ರ’ ಬ್ರಿಗೇಡ್, ‘ಭೈರವ’ ಬೆಟಾಲಿಯನ್ ಎಂಬ ಹೆಸರುಗಳು ಕೇಳಿಬರುತ್ತಿವೆ. ಇದ್ದ ಘಟಕಗಳಿಗೇ ಹೊಸ ಹೆಸರಿಟ್ಟಿದ್ದಾರೆಯೇ, ನಿಜವಾಗಿಯೂ ಏನಾದರೂ ಬದಲಾಗಿದೆಯೇ?

ಉತ್ತರ: ಬದಲಾಗಿದೆ. ಏನು ಬದಲಾಗಿದೆ ಎಂದು ತಿಳಿಯಬೇಕಾದರೆ ಹಳೆಯ ವ್ಯವಸ್ಥೆಯನ್ನು ಒಮ್ಮೆ ನೋಡಬೇಕು. ಪದಾತಿ ಬ್ರಿಗೇಡ್ ಎಂದರೆ ಸಾಮಾನ್ಯವಾಗಿ ಮೂರು ಪದಾತಿ ಬೆಟಾಲಿಯನ್‌ಗಳು. ಟ್ಯಾಂಕ್, ಫಿರಂಗಿ ಮತ್ತು ಎಂಜಿನಿಯರ್ ಘಟಕಗಳು ಬಹುಮಟ್ಟಿಗೆ ಬ್ರಿಗೇಡ್‌ಗಿಂತ ದೊಡ್ಡ ಘಟಕಗಳಾದ ಡಿವಿಜನ್ ಅಥವಾ ಕೋರ್‌ನ ಅಧೀನದಲ್ಲಿದ್ದು, ಕಾರ್ಯಾಚರಣೆ ಎದುರಾದಾಗ ಅವನ್ನು ಬ್ರಿಗೇಡ್‌ಗೆ ‘ಅಟ್ಯಾಚ್’ ಮಾಡಲಾಗುತ್ತಿತ್ತು. ವರ್ಷವಿಡೀ ಬೇರೆ ಬೇರೆ ದಂಡು ಪ್ರದೇಶಗಳಲ್ಲಿದ್ದವರು ಯುದ್ಧದ ಹೊಸ್ತಿಲಲ್ಲಿ ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳಬೇಕಾಗುತ್ತಿತ್ತು.

ಈ ವ್ಯವಸ್ಥೆ ಎಷ್ಟು ನಿಧಾನವೆಂಬುದು 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿಯಾದ ಮೇಲೆ ಎಲ್ಲರಿಗೂ ಗೊತ್ತಾಯಿತು. ಮಥುರಾ, ಅಂಬಾಲಾ ಮತ್ತು ಭೋಪಾಲ್‌ಗಳಲ್ಲಿ ನೆಲೆಯಿದ್ದ ಆಕ್ರಮಣಕ್ಕೆಂದೇ ಇರುವ ಮೂರು ಸ್ಟ್ರೈಕ್ ಕೋರ್‌ಗಳು ಪಾಕಿಸ್ತಾನದ ಗಡಿಯಲ್ಲಿ ಸಜ್ಜಾಗಿ ನಿಲ್ಲಲು ಸುಮಾರು ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಎದುರಾಳಿಯೂ ಸಿದ್ಧನಾಗಿದ್ದ, ರಾಜತಾಂತ್ರಿಕ ಒತ್ತಡವೂ ಬಿದ್ದಿತ್ತು. ಚಿಕ್ಕದಾದ, ಗಡಿಗೆ ಹತ್ತಿರವಿರುವ, ಎಲ್ಲ ಬಗೆಯ ಪಡೆಗಳನ್ನೂ ತನ್ನಲ್ಲೇ ಇಟ್ಟುಕೊಂಡಿರುವ ಘಟಕ ಬೇಕೆಂಬ ಚಿಂತನೆ ಬಲವಾದದ್ದು ಆಗ. ಜನರಲ್ ಬಿಪಿನ್ ರಾವತ್ ಅವರು ಸೇನಾ ಮುಖ್ಯಸ್ಥರಾಗಿದ್ದಾಗ 2018ರಲ್ಲಿ ನಡೆದ ಅಧ್ಯಯನಗಳು ಇದಕ್ಕೆ ಸಮಗ್ರ ಸಮರ ಗುಂಪು, ಅಂದರೆ ಐಬಿಜಿ ಎಂಬ ರೂಪ ಕೊಟ್ಟವು. 2019ರಲ್ಲಿ 17ನೇ ಕೋರ್ ಅರುಣಾಚಲ ಪ್ರದೇಶದಲ್ಲಿ ‘ಹಿಮ್ ವಿಜಯ್’ ಅಭ್ಯಾಸ ನಡೆಸಿ ಅದನ್ನು ಪರೀಕ್ಷಿಸಿತು. 2025ರ ಜುಲೈ 26ರಂದು ಆಗ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಉಪೇಂದ್ರ ದ್ವಿವೇದಿ ಅವರು ದ್ರಾಸ್‌ನಲ್ಲಿ ಪ್ರಕಟಿಸಿದ ‘ರುದ್ರ’ ಇದೇ ದಾರಿಯ ಮುಂದಿನ ಹೆಜ್ಜೆ. ಪದಾತಿ, ಯಾಂತ್ರೀಕೃತ ಪದಾತಿ, ಟ್ಯಾಂಕ್, ಫಿರಂಗಿ, ವಿಶೇಷ ಪಡೆ ಮತ್ತು ಡ್ರೋನ್ ಘಟಕಗಳು ಅದರಲ್ಲಿ ಒಬ್ಬನೇ ಬ್ರಿಗೇಡ್ ಕಮಾಂಡರ್‌ನ ಕೈಕೆಳಗೆ ಬರುತ್ತವೆ. ಎರಡು ಪದಾತಿ ಬ್ರಿಗೇಡ್‌ಗಳನ್ನು ಹೀಗೆ ಪರಿವರ್ತಿಸಲಾಗಿದೆ ಎಂದು ಅವರು ಅಂದೇ ತಿಳಿಸಿದರು. ‘ಭೈರವ’ ಇದಕ್ಕಿಂತ ಬೇರೆ: ಗಡಿಯಲ್ಲಿ ಥಟ್ಟನೆ ಎರಗಬಲ್ಲ ಹಗುರ ಕಮಾಂಡೊ ಬೆಟಾಲಿಯನ್.

ಇಲ್ಲಿ ನನ್ನ ಕಳಕಳಿ ಒಂದೇ. ಪಡೆಗಳನ್ನು ಒಂದೆಡೆ ಕೂಡಿಸುವ ಆದೇಶಕ್ಕೆ ಒಂದು ಸಹಿ ಸಾಕು, ಆದರೆ ಅವುಗಳ ಹಿಂದೆ ನಡೆಯಬೇಕಾದ ವಾಹನಗಳನ್ನು ಕೂಡಿಸಲು ವರ್ಷಗಳೇ ಬೇಕು. ನಮ್ಮ ಟ್ಯಾಂಕ್ ರೆಜಿಮೆಂಟಿನಲ್ಲಿ 45 ಟ್ಯಾಂಕ್‌ಗಳಿರುತ್ತವೆ, ಸ್ಕ್ವಾಡ್ರನ್ನಿನಲ್ಲಿ 14. ಟಿ-72 ಟ್ಯಾಂಕ್ ಸುಮಾರು 1,200 ಲೀಟರ್ ಡೀಸೆಲ್ ತುಂಬಿಕೊಳ್ಳುತ್ತದೆ; ಹಿಂಬದಿಗೆ ಕಟ್ಟುವ ಪೀಪಾಯಿಗಳ ಲೆಕ್ಕ ಬೇರೆ. ಅಂದರೆ ರೆಜಿಮೆಂಟಿಗೆ ಒಮ್ಮೆ ಇಂಧನ ತುಂಬಿಸಲು ಸುಮಾರು 54,000 ಲೀಟರ್ ಬೇಕು. ಪದಾತಿ ಬ್ರಿಗೇಡ್ ಒಂದಕ್ಕೆ ಬರೀ ಒಂದು ಸ್ಕ್ವಾಡ್ರನ್ ಸೇರಿಸಿದರೂ, ಅದುವರೆಗೆ ಲಾರಿ, ಜೀಪುಗಳ ಇಂಧನವನ್ನಷ್ಟೇ ನೋಡಿಕೊಳ್ಳುತ್ತಿದ್ದ ಸರಬರಾಜು ವ್ಯವಸ್ಥೆ ಇನ್ನು 17,000 ಲೀಟರಿನಷ್ಟನ್ನು ಹೊತ್ತು ಟ್ಯಾಂಕ್‌ಗಳ ಹಿಂದೆ ಗದ್ದೆ, ಮರಳು, ಹಳ್ಳಗಳಲ್ಲಿ ಸಾಗಬೇಕಾಗುತ್ತದೆ. ಜೊತೆಗೆ ಕೆಟ್ಟುನಿಂತ ಟ್ಯಾಂಕನ್ನು ಎಳೆದು ತರುವ ರಿಕವರಿ ವಾಹನ, ಕಾಲುವೆಗೆ ಸೇತುವೆ ಹಾಸುವ ವಾಹನ, ಸೇನೆಯ ದುರಸ್ತಿ ದಳವಾದ ಇಎಂಇಯ ಸಂಚಾರಿ ವರ್ಕ್‌ಶಾಪ್ ಬೇಕು. ಇವೂ ಬ್ರಿಗೇಡ್ ಕಮಾಂಡರ್‌ನ ಸ್ವಂತದ್ದಾದಾಗ ಪುನರ್ರಚನೆ ಪೂರ್ಣವಾಯಿತೆಂದು ಹೇಳಬಹುದು. ರುದ್ರ ಬ್ರಿಗೇಡ್‌ಗಳಿಗೆ ವಿಶೇಷವಾಗಿ ಸಿದ್ಧಪಡಿಸಿದ ಸರಬರಾಜು ಬೆಂಬಲವಿರುತ್ತದೆ ಎಂದು ಅದೇ ಪ್ರಕಟಣೆಯಲ್ಲಿ ಹೇಳಿರುವುದರಿಂದ, ಸೇನೆಗೂ ಈ ಅರಿವಿದೆ ಎಂಬ ಸಮಾಧಾನ ನನಗಿದೆ.

ಪ್ರಶ್ನೆ (ಮೈಸೂರಿನ ಓದುಗರು): ಟಿ-72 ಟ್ಯಾಂಕ್‌ಗಳು ನಮ್ಮಲ್ಲಿಗೆ ಬಂದು 40 ವರ್ಷ ದಾಟಿದೆಯಂತೆ. ಅವಕ್ಕೆ ಹೊಸ ಎಂಜಿನ್ ಹಾಕಿಸಲು ಹಣ ಸುರಿಯುವ ಬದಲು ನಮ್ಮದೇ ಅರ್ಜುನ್ ಟ್ಯಾಂಕನ್ನು ಎಲ್ಲ ಕಡೆಗೂ ಕೊಡಬಾರದೇಕೆ?

ಉತ್ತರ: ಅರ್ಜುನ್ ಬಗ್ಗೆ ನಿಮಗಿರುವ ಅಭಿಮಾನ ನನಗೂ ಇದೆ. 2021ರಲ್ಲಿ ಸರ್ಕಾರ ಅರ್ಜುನ್ ಮಾರ್ಕ್-1ಎ ಮಾದರಿಯ 118 ಟ್ಯಾಂಕ್‌ಗಳಿಗೆ ಚೆನ್ನೈ ಬಳಿಯ ಆವಡಿಯ ಟ್ಯಾಂಕ್ ಕಾರ್ಖಾನೆಗೆ 7,523 ಕೋಟಿ ರೂಪಾಯಿಗಳ ಬೇಡಿಕೆ ಸಲ್ಲಿಸಿತು. ಆದರೆ ಆ ಟ್ಯಾಂಕಿನ ತೂಕ ಸುಮಾರು 68 ಟನ್. ಟಿ-72ರದ್ದು 41 ಟನ್, ಟಿ-90ರದ್ದು 46 ಟನ್ ಆಸುಪಾಸು. ರಾಜಸ್ಥಾನದ ಮರುಭೂಮಿಯಲ್ಲಿ 68 ಟನ್ ಹೆಚ್ಚಿನ ತೊಡಕಾಗದು. ಪಂಜಾಬಿನಲ್ಲಿ ಹೆಜ್ಜೆಹೆಜ್ಜೆಗೂ ಕಾಲುವೆ, ಪ್ರತಿ ಕಾಲುವೆಗೂ ಸೇತುವೆ, ಪ್ರತಿ ಸೇತುವೆಗೂ ತೂಕದ ಮಿತಿ. ಹೊಸ ಟ್ಯಾಂಕ್ ತಂದರೆ ಅದನ್ನು ಹೊರುವ ಟ್ರೇಲರ್, ಎಳೆಯುವ ರಿಕವರಿ ವಾಹನ, ಸಾಗಿಸುವ ರೈಲ್ವೆ ವ್ಯಾಗನ್ ಎಲ್ಲವನ್ನೂ ಆ ತೂಕಕ್ಕೆ ತಕ್ಕಂತೆ ಹೊಂದಿಸಬೇಕು. ಲಡಾಖ್‌ನ ಎತ್ತರಕ್ಕಾಗಿ ಡಿಆರ್‌ಡಿಒ ಮತ್ತು ಎಲ್ ಆ್ಯಂಡ್ ಟಿ ಸೇರಿ 25 ಟನ್ ತೂಕದ ‘ಜೋರಾವರ್’ ಹಗುರ ಟ್ಯಾಂಕನ್ನು ರೂಪಿಸಿದ್ದೂ ಈ ಕಾರಣಕ್ಕೇ.

ಇನ್ನು ಎಂಜಿನ್. ಟಿ-72ರ ಈಗಿನ ಎಂಜಿನ್ 780 ಅಶ್ವಶಕ್ತಿಯದು. ಗಾಳಿ ತೆಳುವಾದ ಎತ್ತರದಲ್ಲಿ ಡೀಸೆಲ್ ಎಂಜಿನ್ ತನ್ನ ಶಕ್ತಿಯನ್ನು ಗಣನೀಯವಾಗಿ ಕಳೆದುಕೊಳ್ಳುತ್ತದೆ; 2020ರಲ್ಲಿ ಪೂರ್ವ ಲಡಾಖ್‌ಗೆ ಟ್ಯಾಂಕ್‌ಗಳನ್ನು ಏರಿಸಿದಾಗ ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. 2025ರ ಮಾರ್ಚ್‌ನಲ್ಲಿ 1,000 ಅಶ್ವಶಕ್ತಿಯ ಎಂಜಿನ್‌ಗಳಿಗಾಗಿ ರಷ್ಯಾದ ರೋಸೊಬೊರೊನ್‌ಎಕ್ಸ್‌ಪೋರ್ಟ್ ಸಂಸ್ಥೆಯೊಂದಿಗೆ 24.8 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಆವಡಿಯಲ್ಲೇ ತಯಾರಿಸಲು ತಂತ್ರಜ್ಞಾನ ವರ್ಗಾವಣೆಯೂ ಅದರಲ್ಲಿ ಸೇರಿದೆ. ಎರಡು ಸಾವಿರಕ್ಕೂ ಮಿಕ್ಕಿದ ಟ್ಯಾಂಕ್‌ಗಳನ್ನು ಒಂದೇ ಏಟಿಗೆ ಬದಲಿಸಲು ಯಾವ ದೇಶದ ಖಜಾನೆಗೂ ಆಗದ ಕಾರಣ, ಈ ಖರ್ಚು ಸರಿಯಾದದ್ದೆಂದೇ ನಾನು ತಿಳಿದಿದ್ದೇನೆ.

ಆದರೆ ಇದಕ್ಕೊಂದು ಮಿತಿಯಿದೆ, ಅದನ್ನು ವರ್ಕ್‌ಶಾಪಿನಲ್ಲಿ ನಿಂತು ನೋಡಿದರೆ ಅರ್ಥವಾಗುತ್ತದೆ. ಟಿ-72ರ ಹಿಂಭಾಗದಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನ್ ಅಡ್ಡಡ್ಡ ಕುಳಿತಿರುತ್ತದೆ. ಅದರ ಶಕ್ತಿ ಒಂದು ಬದಿಯ ಗೇರ್ ಪೆಟ್ಟಿಗೆಯ ಮೂಲಕ ಎಡಬಲದ ಎರಡು ಗೇರ್‌ಬಾಕ್ಸ್‌ಗಳಿಗೆ ಹರಿಯುತ್ತದೆ. ಎಂಜಿನ್ ಇಳಿಸಬೇಕಾದರೆ ಮೇಲಿನ ಹಲಗೆಗಳನ್ನು ಬಿಚ್ಚಿ, ಕೂಲಂಟ್ ಮತ್ತು ಎಣ್ಣೆಯನ್ನು ಬಸಿದು, ಪೈಪು, ತಂತಿಗಳನ್ನು ಒಂದೊಂದಾಗಿ ಕಳಚಿ, ಕ್ರೇನಿನಿಂದ ಎತ್ತಬೇಕು. ಹೊಸದನ್ನು ಕೂರಿಸಿದ ಮೇಲೆ ಶಾಫ್ಟುಗಳು ಒಂದೇ ನೇರಕ್ಕೆ ಬರುವಂತೆ ತಾಳ್ಮೆಯಿಂದ ಹೊಂದಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಗೇರ್‌ಗಳು ಸವೆಯುತ್ತವೆ. ಜರ್ಮನಿಯ ಲೆಪರ್ಡ್-2 ಟ್ಯಾಂಕಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಕೂಲಿಂಗ್ ವ್ಯವಸ್ಥೆಗಳೆಲ್ಲ ಒಂದೇ ಗಂಟಾಗಿ ಹೊರಬರುವುದರಿಂದ, ಪಳಗಿದ ತಂಡ ಒಂದು ಗಂಟೆಯೊಳಗೆ ಈ ಕೆಲಸ ಮುಗಿಸುತ್ತದೆ. ಟಿ-72ರ ಜಾಗಕ್ಕೆ ಬರಬೇಕಾದ ಭವಿಷ್ಯದ ಟ್ಯಾಂಕಿಗೆ 2021ರಲ್ಲಿ ಸೇನೆ ಹೊರಡಿಸಿದ ಮಾಹಿತಿ ಕೋರಿಕೆಯಲ್ಲಿ 1,770 ಟ್ಯಾಂಕ್ ಎಂಬ ಸಂಖ್ಯೆಯಿತ್ತು. 2024ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಖರೀದಿ ಮಂಡಳಿ ಆ ಯೋಜನೆಗೆ ಒಪ್ಪಿಗೆ ನೀಡಿತು. ಅದರ ವಿನ್ಯಾಸದಲ್ಲಿ ತೋಪಿನ ವ್ಯಾಸಕ್ಕೆ ಕೊಡುವಷ್ಟೇ ಗಮನವನ್ನು ರಿಪೇರಿಯ ಸುಲಭಕ್ಕೂ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಪ್ರಶ್ನೆ (ಮಡಿಕೇರಿಯ ಓದುಗರು): ನಮ್ಮ ಜನರಲ್ ತಿಮ್ಮಯ್ಯನವರು ಜೋಜಿ ಲಾಕ್ಕೆ ಟ್ಯಾಂಕ್ ಏರಿಸಿದ ಕಥೆಗೂ ಇಂದಿನ ಪುನರ್ರಚನೆಗೂ ಸಂಬಂಧವಿದೆಯೇ?

ಉತ್ತರ: ಖಂಡಿತ ಇದೆ. 1948ರ ನವೆಂಬರ್ 1ರಂದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳು ಕಾಶ್ಮೀರದಿಂದ ಲಡಾಖ್‌ಗೆ ದಾರಿಯಾದ ಜೋಜಿ ಲಾ ಕಣಿವೆಯಲ್ಲಿ ಕಾಣಿಸಿಕೊಂಡಾಗ, ಅದನ್ನು ಹಿಡಿದು ಕುಳಿತಿದ್ದ ಪಾಕಿಸ್ತಾನದ ಕಡೆಯ ಎದುರಾಳಿ ದಿಗ್ಭ್ರಮೆಗೊಂಡ. ಆದರೆ ಅದಕ್ಕೂ ಮುನ್ನ ಬಾಲ್ಟಾಲ್‌ನಿಂದ ಮೇಲಿನ ಕಾಲುದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ದಳದ ಯೋಧರು. ದಾರಿಯ ದುರ್ಬಲ ಸೇತುವೆಗಳಿಗೆ ಭಾರವಾಗದಂತೆ ಟ್ಯಾಂಕ್‌ಗಳ ಮೇಲಿನ ತೋಪಿನ ಗೋಪುರಗಳನ್ನು (ಟರೆಟ್) ಕಳಚಿ ಬೇರೆಯಾಗಿ ಸಾಗಿಸಲಾಗಿತ್ತು. ಕುದುರೆ ಪಡೆಯ ಪರಂಪರೆಯವರು, ಸ್ಯಾಪರ್‌ಗಳು, ಪದಾತಿ ಯೋಧರು ಒಬ್ಬರೇ ಡಿವಿಜನ್ ಕಮಾಂಡರ್‌ನ ಮಾತಿಗೆ ಒಟ್ಟಾಗಿ ನಡೆದದ್ದರಿಂದ ಅದು ಸಾಧ್ಯವಾಯಿತು. ತಿಮ್ಮಯ್ಯನವರು ತುರ್ತಿನಲ್ಲಿ ಜೋಡಿಸಿದ್ದನ್ನು ರುದ್ರ ಬ್ರಿಗೇಡ್ ಕಾಯಂ ವ್ಯವಸ್ಥೆಯಾಗಿಸಲು ಹೊರಟಿದೆ.

ಪ್ರಶ್ನೆ (ಬೆಳಗಾವಿಯ ಮಾಜಿ ಸೈನಿಕರು): ನಾನು ಸೇನೆಯ ಸರಬರಾಜು ದಳವಾದ ಎಎಸ್‌ಸಿಯಲ್ಲಿ ಶಕ್ತಿಮಾನ್ ಲಾರಿ ಓಡಿಸಿದವನು. ಈಗ ಟಾಟ್ರಾ, ಸ್ಟಾಲಿಯನ್, ಟಾಟಾ, ಜಿಪ್ಸಿ ಎಂದು ಎಷ್ಟೊಂದು ಬಗೆ! ಇಷ್ಟೆಲ್ಲ ಬೇಕೇ ಸರ್?

ಉತ್ತರ: ಕೆಲಸಕ್ಕೆ ತಕ್ಕ ಬಗೆ ಬೇಕು, ಅದಕ್ಕಿಂತ ಹೆಚ್ಚು ಬೇಡ. 1986ರಲ್ಲಿ ಬೆಂಗಳೂರಿನ ಬೆಮೆಲ್ ಮೂಲಕ ಬಂದ ಟಾಟ್ರಾಗೆ ಮಾಮೂಲಿ ಲಾರಿಯಂತಹ ಏಣಿ ಚೌಕಟ್ಟಿಲ್ಲ. ನಡುವೆ ಬೆನ್ನೆಲುಬಿನಂತೆ ಒಂದು ಉಕ್ಕಿನ ಕೊಳವೆ, ಅದರಿಂದ ಇಬ್ಬದಿಗೆ ಚಾಚಿದ ಅರ್ಧ ಆ್ಯಕ್ಸಲ್‌ಗಳು. ಒಂದು ಚಕ್ರ ಹಳ್ಳಕ್ಕಿಳಿದರೂ ಉಳಿದವು ನೆಲ ಬಿಡುವುದಿಲ್ಲ. ಪಿನಾಕ ರಾಕೆಟ್ ಲಾಂಚರ್, 75 ಮೀಟರ್‌ವರೆಗೆ ಚಾಚಬಲ್ಲ ‘ಸರ್ವತ್ರ’ ಸೇತುವೆಗಳನ್ನು ಹೊರಲು ಅಂಥದ್ದೇ ಬೇಕು. ಅಕ್ಕಿ, ಬೇಳೆ, ಟೆಂಟು ಸಾಗಿಸಲು ಸ್ಟಾಲಿಯನ್ ಸಾಕು, ಅದರ ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ.

ತೊಂದರೆ ಬರುವುದು ಒಂದೇ ಕೆಲಸಕ್ಕೆ ಮೂರು ನಾಲ್ಕು ಮಾದರಿಗಳು ಸೇರಿಕೊಂಡಾಗ. ಪ್ರತಿ ಮಾದರಿಗೂ ಬೇರೆ ಫಿಲ್ಟರ್, ಬೇರೆ ಕ್ಲಚ್ ಪ್ಲೇಟ್, ಬೇರೆ ತರಬೇತಿ ಪಡೆದ ಮೆಕ್ಯಾನಿಕ್ ಬೇಕಾಗುವುದರಿಂದ, ಘಟಕದ ಸ್ಟೋರಿನಲ್ಲಿ ರಾಶಿ ಸಾಮಾನಿದ್ದರೂ ಬೇಕಾದ ಒಂದು ಭಾಗ ಇರುವುದಿಲ್ಲ. 2025ರ ಮಾರ್ಚ್‌ನಲ್ಲಿ ಸುಮಾರು 5,000 ಹಗುರ ವಾಹನಗಳಿಗೆ ಫೋರ್ಸ್ ಮೋಟಾರ್ಸ್ ಮತ್ತು ಮಹೀಂದ್ರಾ ಸಂಸ್ಥೆಗಳೊಂದಿಗೆ ಒಪ್ಪಂದವಾಗಿದೆ. ಒಂದು ಬ್ರಿಗೇಡ್‌ಗೆ ಒಂದೇ ಕಂಪನಿಯ ವಾಹನ ಹೋಗುವಂತೆ ಅವನ್ನು ಹಂಚಿದರೆ ನಿಮ್ಮಂಥ ಚಾಲಕರಿಗೂ ಮೆಕ್ಯಾನಿಕ್‌ಗಳಿಗೂ ಅರ್ಧ ಹೊರೆ ಇಳಿಯುತ್ತದೆ. ಎಲ್ಲ ಘಟಕಗಳಿಗೂ ಎರಡೂ ಬಗೆಯನ್ನು ಬೆರೆಸಿ ಕೊಟ್ಟರೆ ನೀವು ಹೇಳಿದ ತೊಡಕು ಇನ್ನೊಂದು ತಲೆಮಾರಿಗೆ ಮುಂದುವರಿಯುತ್ತದೆ.