‘ಕ್ಲೇರ್ ದ ಲ್ಯೂನ್’ ಗೋಜಲಾಗಿ ಕೇಳಿಸುತ್ತಿದ್ದರೆ

ಫ್ರೆಂಚ್ ಸಂಗೀತಗಾರ ಡೆಬ್ಯುಸಿಯ ಪಿಯಾನೊ ಕೃತಿ ‘ಕ್ಲೇರ್ ದ ಲ್ಯೂನ್’ ನುಡಿಸಿದಾಗ ಸ್ವರಗಳು ಕಲಸಿಹೋಗುತ್ತಿವೆ ಅಂದರೆ ಕಾರಣ ಬಹುಶಃ ಬಲಗಡೆಯ ಪೆಡಲ್ (ಬೆರಳು ಬಿಟ್ಟ ಮೇಲೂ ಸ್ವರ ಮೊಳಗುತ್ತಿರುವಂತೆ ಮಾಡುವುದು). ಬಾರ್ (ಸ್ವರಲಿಪಿಯಲ್ಲಿ ಗೆರೆಯಿಂದ ಗೆರೆಗೆ ಇರುವ ತಾಳದ ಅಳತೆ) ಲೆಕ್ಕದಲ್ಲಿ ಕಾಲು ಎತ್ತುತ್ತಿದ್ದೀರಿ ಅನಿಸುತ್ತದೆ. ಬಾಸ್ ಸ್ವರ, ಅಂದರೆ ಎಡಗೈಯ ಅತಿ ಕೆಳಗಿನ ಸ್ವರ, ಬದಲಾದಾಗ ಎತ್ತಿ.

ಮೊದಲು ಸ್ವರಲಿಪಿಯಲ್ಲಿ ‘ಉನ್ ಪೋಕೋ ಮೋಸ್ಸೋ’ (ತುಸು ಚುರುಕಾಗಿ) ಎಂದು ಬರೆದಿರುವ ಭಾಗವನ್ನು ಪೆಡಲ್ ಇಲ್ಲದೆ ನಿಧಾನವಾಗಿ ನುಡಿಸಿ. ಪ್ರತಿ ಹೊಸ ಬಾಸ್ ಸ್ವರಕ್ಕೂ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಪೆಡಲ್ ಸೇರಿಸಿ: ಬಾಸ್ ಒತ್ತಿದ ಕ್ಷಣ ಕಾಲು ಎತ್ತಿ, ಬೆರಳು ಬಿಡುವ ಮುಂಚೆ ಮತ್ತೆ ಪೆಡಲ್ ಒತ್ತಿ. ಎಡಗೈಯ ಮಿಕ್ಕ ಸ್ವರಗಳು ತುಂಬಾ ಮೆತ್ತಗಿರಲಿ.

‘ತೆಂಪೋ ರುಬಾತೊ’ (ಲಯವನ್ನು ಸಡಿಲವಾಗಿ ಹಿಗ್ಗಿಸಿ ಕುಗ್ಗಿಸಿ) ಎಂದಿರುವ ಭಾಗ ಬೇರೆ ಥರ. ಅಲ್ಲಿ ಕೆಳಗಿನ ಆಕ್ಟೇವ್ (ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ) ಮೊಳಗುತ್ತಿರುವಾಗಲೇ ಮೇಲೆ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಬದಲಾಗುತ್ತವೆ. ಆ ಬೆರಕೆಯೇ ಈ ಸಂಗೀತದ ಸೊಗಸು, ಅದನ್ನು ಅಳಿಸಬೇಡಿ. ಕಾಲನ್ನು ಅರ್ಧ ಮಾತ್ರ ಎತ್ತಿ.

ಡಿಜಿಟಲ್ ಪಿಯಾನೊ ಆದರೆ ಅರ್ಧ ಪೆಡಲ್ ನಡೆಯುತ್ತದೋ ಇಲ್ಲವೋ, ಪೆಡಲ್ ಒತ್ತಿ ಒಂದು ಕಾರ್ಡ್ ನುಡಿಸಿ, ಕೈ ಬಿಟ್ಟು, ಕಾಲನ್ನು ನಿಧಾನವಾಗಿ ಎತ್ತಿ ಪರೀಕ್ಷಿಸಿ. ನಾದ ಥಟ್ಟನೆ ನಿಂತರೆ ನಡೆಯುವುದಿಲ್ಲ. ಆಗ ಪೆಡಲ್ ಒತ್ತಿಯೇ ಇಟ್ಟು, ಮೇಲಿನ ಕಾರ್ಡ್‌ಗಳನ್ನು ಇನ್ನೂ ಮೆತ್ತಗೆ ನುಡಿಸಿ.