ಕ್ಯೂಬ್ ಪಾಸ್, ಬೀಮ್ ಫೇಲ್ ಆಗ್ತಿದ್ರೆ ಸಿಮೆಂಟ್ ಹೆಚ್ಚಿಸಬೇಕಾ?

ಸಿಮೆಂಟ್ ಮುಟ್ಟಬೇಡ್ರಿ. ವಿಮಾನ ನಿಲ್ಲೋ ಏಪ್ರನ್ನಿನ ಎಂ-40 (40 ಎಂಪಿಎ ಬಲದ) ಕಾಂಕ್ರೀಟಿನ, ಒತ್ತಿ ನೋಡೋ ಕ್ಯೂಬ್ ಎಲ್ಲಾ ಪಾಸು, ಬಾಗಿಸಿ ಮುರಿಯೋ ಬೀಮ್ ಮಾತ್ರ 4.5 ಎಂಪಿಎ ದಾಟ್ತಿಲ್ಲ ಅಂದ್ರಲ್ಲ, ಈ ಗೋಳು ನಾನು ರಾಯಚೂರಲ್ಲಿ ಉಂಡವನು.

ಮೇ ತಿಂಗಳ ಬಿಸಿಲು. 28ನೇ ದಿನ ಬೀಮ್‌ಗಳನ್ನ ನೀರು ತುಂಬಿದ ಕ್ಯೂರಿಂಗ್ ಟ್ಯಾಂಕಿನಿಂದ ಎತ್ತಿ, ಪಿಕಪ್ಪಿಗೆ ಹಾಕಿ ಊರೊಳಗಿನ ಲ್ಯಾಬಿಗೆ ಕಳಿಸ್ತಿದ್ದೆ. ಮೇಲೊಂದು ಗೋಣಿತಟ್ಟೂ ಹೊದಿಸ್ತಿರಲಿಲ್ಲ. ಅಲ್ಲಿ ಕರೆಂಟ್ ಹೋಗಿದ್ರೆ ಅಂಗಳದಾಗೇ ಬಿದ್ದಿರ್ತಿದ್ವು. ಮಷಿನ್ನಿಗೆ ಏರೋ ಹೊತ್ತಿಗೆ ಮೈ ಪೂರಾ ಬೆಳ್ಳಗಾಗಿ, ಮುಟ್ಟಿದ್ರೆ ಕೈಗೆ ಪುಡಿ ಹತ್ತೋದು.

ಹಾಳಾಗಿದ್ದು ಅಲ್ಲೇ. ಹೊರಮೈ ಒಣಗಿ ಕುಗ್ಗೋಕೆ ನೋಡುತ್ತೆ, ಒಳಗಿನ ಹಸಿ ಕಾಂಕ್ರೀಟ್ ಬಿಡಲ್ಲ. ಅಂದ್ರೆ ಲೋಡ್ ಕೊಡೋ ಮೊದಲೇ ಚರ್ಮ ಬಿಗಿದು ಎಳೆದಂಗೆ ಇರುತ್ತೆ; ಬೀಮ್ ಬಾಗಿದಾಗ ಮೊದಲು ಎಳೆತ ತಿನ್ನೋದೂ ಅದೇ ತಳದ ಮೈ. ಟಪ್ ಅಂತ ಮುರೀತದೆ. ಕ್ಯೂಬಿಗೆ ಬೀಳೋದು ಒತ್ತಡ, ಅದು ಒಣಗಿದ್ರೆ ಇನ್ನೊಂಚೂರು ಜಾಸ್ತಿನೇ ತೋರಿಸುತ್ತೆ! ಆ ಕ್ಯೂಬ್ ನೋಡಿಯೇ ನಾನು ಟೆಸ್ಟ್ ಸರಿ ಇದೆ, ಮಿಕ್ಸ್ ಸರಿ ಇಲ್ಲ ಅಂದ್ಕೊಂಡೆ. ಕಾಂಕ್ರೀಟ್ ಟೆಸ್ಟಿನ ಭಾರತೀಯ ಮಾನದಂಡ ಐಎಸ್ 516ರಲ್ಲಿ ನೀರಿಂದ ತೆಗೆದ ಕೂಡಲೇ, ಹಸಿ ಇರುವಾಗಲೇ ಟೆಸ್ಟ್ ಮಾಡು ಅಂತ ಬರೆದಿದೆ. ಓದಿದ್ದೆ, ಲೆಕ್ಕಕ್ಕೆ ಇಟ್ಟಿರಲಿಲ್ಲ.

ಸಿಮೆಂಟ್ ಏರಿಸಿದ್ವಿ. ಕಾಂಕ್ರೀಟಿನ ಕಾವೂ ಏರಿತು, ಕುಗ್ಗೋದೂ ಏರಿತು. ಸ್ಲ್ಯಾಬಿಗೆ ಜಾಯಿಂಟಿನ ಗೀರು ಕೊಯ್ಯೋ ಮೊದಲೇ ಪ್ಯಾನೆಲ್‌ಗಳು ಬಿರುಕು ಬಿಟ್ವು. ಬ್ರೇಕರ್ ಹಚ್ಚಿ ಒಡೆಸಿದ್ವಿ. ಬಿಲ್ಲಿನಾಗೆ ದುಡ್ಡು ಮುರ್ಕೊಂಡ್ರು, ನನ್ನನ್ನ ಸ್ಟೋರಿಗೆ ದಬ್ಬಿದ್ರು.

ಇನ್ನು ಬೀಮ್ ಬಿಟ್ಟು, ಕ್ಯೂಬ್ ರಿಪೋರ್ಟಿಗೆ 0.7 ರೂಟ್ ಲೆಕ್ಕ (ಕ್ಯೂಬ್ ಬಲದ ವರ್ಗಮೂಲಕ್ಕೆ 0.7 ಗುಣಿಸೋದು) ಹಾಕಿ ದಾಟಿಸೋಣ ಅಂತೀರಲ್ಲ, ಅದು ಸುತರಾಂ ಬೇಡ. ವಿಮಾನದ ಗಾಲಿ ಸ್ಲ್ಯಾಬನ್ನ ಬಾಗಿಸುತ್ತೆ, ಜಜ್ಜಲ್ಲ. ಅದಕ್ಕೇ ಬೀಮ್ ಕೇಳೋದು. ಅಷ್ಟಕ್ಕೂ ಎಂ-40ಕ್ಕೆ ಆ ಲೆಕ್ಕದಲ್ಲಿ ಬರೋದೇ 4.43, ಅದೂ 4.5 ದಾಟಲ್ಲ.

ಮುಂದಿನ ಸಲ ನೀವೇ ಗಾಡಿ ಜೊತೆ ಹೋಗ್ರಿ. 150 ಎಂಎಂ ಬೀಮ್ ಒಂದೊಂದೂ ಸುಮಾರು 38 ಕೆಜಿ ತೂಗುತ್ತೆ, ಹುಡುಗರು ಧೊಪ್ ಅಂತ ಇಳಿಸ್ತಾರೆ, ಅದನ್ನೂ ನೋಡ್ಕೊಳ್ರಿ. ಹಸಿ ಗೋಣಿ ಸುತ್ತಿ ನಸುಕಲ್ಲೇ ಒಯ್ದು, ಲ್ಯಾಬಿನ ಟ್ಯಾಂಕಿಗೆ ಇಳಿಸಿ, ಮಷಿನ್ ಖಾಲಿ ಆದಮೇಲೆ ಒಂದೊಂದೇ ತೆಗೆಸ್ರಿ. ಲೋಡ್ ನಿಮಿಷಕ್ಕೆ 400 ಕೆಜಿಯಂತೆ ಏರಬೇಕು. ಮುರಿದ ಜಾಗಕ್ಕೆ ಟೇಪ್ ಹಿಡೀರಿ: ಹತ್ತಿರದ ಸಪೋರ್ಟಿನಿಂದ 170 ಎಂಎಂ ಒಳಗೇ ಮುರಿದಿದ್ರೆ ಆ ಬೀಮ್ ಲೆಕ್ಕಕ್ಕಿಲ್ಲ. ಇಷ್ಟಾದ್ಮೇಲೂ ಕಡಿಮೆ ಬಂದ್ರೆ ಜಲ್ಲಿಕಲ್ಲು ತೊಳೆಸಿ ನೋಡ್ರಿ, ಕ್ರಷರ್ ಧೂಳು ಮೆತ್ತಿರುತ್ತೆ.